ಗುಂಡಿ

ನಮ್ಮ ಕಟ್ಟಡದ ಲಿಫ್ಟಿಗೆ
ಇಪ್ಪತ್ತು ತೆತ್ರಿ ನಾಣ್ಯ ಬಿದ್ದರೆ ಮಾತ್ರ ಮೇಲೇರುವ ಮನಸ್ಸು.
ಇಳಿಯುವುದು ಪುಕ್ಕಟೆ.
ಹಾಗಾಗಿ ಬೆಳಿಗ್ಗೆ ನಾನು ಉದಾರಿ,
ಸಂಜೆ ಜೇಬು ತಡಕುವವಳು.

ಟ್ಬಿಲಿಸಿಯಲ್ಲಿ ಸೋಮವಾರ ಯಾರೂ ಮದುವೆಯಾಗುವುದಿಲ್ಲ.
ಉಳಿದ ದಿನ ನನಗೆ ಅದೇ ಅನ್ನ:
ವರ ವಧುವನ್ನು ಎತ್ತಿಕೊಂಡ ಹಾಗೆ,
ಪಾರಿವಾಳ ತಾನಾಗಿ ಹಾರಿದ ಹಾಗೆ,
ಅತ್ತೆ ಅತ್ತ ಹಾಗೆ.
ಸೋಮವಾರ ನಾನು ಬೀದಿಪಾಲು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು
ಅನ್ನುತ್ತಾರಲ್ಲ,
ನನ್ನದು ಕಾಗೆಯ ಕೆಲಸವಲ್ಲ, ಟೊಂಗೆಯದೂ ಅಲ್ಲ.
ಕೆಳಗೆ ನಿಂತು ಕತ್ತೆತ್ತಿದ್ದೆ, ಅಷ್ಟೆ.
ನೂರು ಸಲ ಎತ್ತಿದರೆ ತೊಂಬತ್ತೊಂಬತ್ತು ಸಲ ಬರೀ ಆಕಾಶ.
ಕೆಲವೊಮ್ಮೆ ಹಿಕ್ಕೆ.

ತೊಂಬತ್ತನಾಲ್ಕರ ಚಳಿಗಾಲ, ಕರೆಂಟಿಲ್ಲ.
ಸೀಮೆಎಣ್ಣೆಯ ಸಾಲು.
ನಾನು ಗುಂಡಿ ಒತ್ತಿದ್ದು ಡಬ್ಬದ ಮೇಲೆ ಕೂತು ನಿದ್ದೆಹೋದ ಹುಡುಗಿಗಾಗಿ.
ಅವಳ ಹಿಂದೆ ತಲೆ ಕತ್ತರಿಸಿಹೋದ ಒಬ್ಬ ಗಂಡಸು, ಉದ್ದ ಕೋಟು,
ನಾಲ್ಕು ಗುಂಡಿ ಗುಂಡಗೆ ಕಪ್ಪಗೆ.
ಐದನೆಯದು ಹೂವಿನಾಕಾರ, ಆರು ಎಸಳು,
ಯಾವಳದೋ ರವಿಕೆಯಿಂದ ಬಂದದ್ದು.

ಅದು ಕೆಂಪೆಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು,
ಕಲರ್ ಫಿಲ್ಮೂ ಬೇಕಾಯಿತು.
ಒಣಸೇತುವೆಯ ಹಳೆಮಾಲಿನ ಸಂತೆ,
ಬೇಲಿಗೆ ನೇತುಬಿದ್ದ ಅದೇ ಕೋಟು, ಒಳಗೆ ಯಾರೂ ಇಲ್ಲ.
ಪಕ್ಕದಲ್ಲಿ ಯಾರದೋ ಯುದ್ಧದ ಪದಕ,
ಹಲ್ಲು ಕೀಳುವ ಇಕ್ಕುಳ.

ಮತ್ತೆ ಹನ್ನೊಂದು ವರ್ಷ.
ಮೆಟ್ರೋದ ಆ ಮುಗಿಯದ ಎಸ್ಕಲೇಟರಿನಲ್ಲಿ
ಕಿವಿಗೆ ಹಾಡು ತುಂಬಿಕೊಂಡ ಹುಡುಗ, ತೋಳು ಮಡಚಿದ್ದಾನೆ,
ಕೋಟು ಈಗ ಫ್ಯಾಷನ್.
ಆವತ್ತೂ ನಾನು ನೋಡುತ್ತಿದ್ದುದು
ಎದುರು ಸಾಲಿನಲ್ಲಿ ಕೇಕು ಹೊತ್ತು ಇಳಿಯುತ್ತಿದ್ದ ಪೊಲೀಸನನ್ನು.

ಗುಂಡಿ ಕಂಡಿದ್ದು ನನಗಲ್ಲ, ಕ್ಯುರೇಟರ್ ತೆಕ್ಲೆಗೆ.
"ಯೋಜನೆಯೇ?" ಅಂದಳು. ಇಲ್ಲವೆಂದೆ.
"ಹಾಗೆ ಹೇಳಿಬಿಡಬೇಡಿ.
ಇಪ್ಪತ್ತೆರಡು ವರ್ಷಗಳ ಶೋಧ ಎಂದು ಗೋಡೆಗೆ ಬರೆಸುತ್ತೇನೆ."
ಶೋಧವಂತೆ!
ನಾನು ಶೋಧಿಸಿದ್ದು ಬಿಸಿಲಿದ್ದ ಗೋಡೆ,
ಆಮೇಲೆ ಒಂದು ಶೌಚಾಲಯ.

ಹಳೆ ರೇಷ್ಮೆ ಕಾರ್ಖಾನೆ ಈಗ ಗ್ಯಾಲರಿ.
ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗ
ನಲವತ್ತು ಹಾಳು ಫ್ರಿಜ್ಜು ನಿಲ್ಲಿಸಿದ್ದ.
ಬಾಗಿಲು ತೆಗೆದರೆ ಅವನ ಅಜ್ಜಿ ಉಸಿರಾಡುವ ಸದ್ದು.
ನಗೋಣವೆಂದೇ ಹೋದೆ. ಇದೂ ಒಂದು ಕಲೆಯೇ!
ಏಳನೆಯದರಲ್ಲಿ ಅಜ್ಜಿ ಕೆಮ್ಮಿದಳು,
ನಾನು ಮೆಲ್ಲನೆ ಬಾಗಿಲು ಮುಚ್ಚಿದೆ,
ಎಚ್ಚರವಾದೀತೆಂದು.

ಹನ್ನೆರಡು ಲಕ್ಷ ಜನರ ಊರು.
ನನ್ನ ಬೆನ್ನ ಹಿಂದೆ ಆ ಕೋಟು ಎಷ್ಟು ಸಲ ಹಾದಿರಬೇಕು,
ನಾನು ಯಾವುದೋ ನಾಯಿಗೆ ಫೋಕಸ್ ಮಾಡುತ್ತಿದ್ದಾಗ.
ಕೈಗೆ ಬಂದ ಈ ಮೂರು,
ತಪ್ಪಿಹೋದದ್ದರ ಚಿಲ್ಲರೆಯೇನೋ.

ಮೊದಲ ದಿನದ ಸಂಜೆ ಒಬ್ಬ ಮುದುಕಿ ಬಂದಳು,
ಕೈಚೀಲದಿಂದ ಸೊಪ್ಪಿನ ಕಡ್ಡಿ ಇಣುಕುತ್ತಿತ್ತು.
ಗೋಡೆಯ ಬರಹ ಓದಲಿಲ್ಲ.
ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು
ಮೂರೂ ಚಿತ್ರ ನೋಡಿ, ಗಾಜಿಗೇ ಹೇಳಿದಳು:
"ದಾರ ಇನ್ನೂ ಬಿಟ್ಟಿಲ್ಲ."

ನನ್ನ ಒಂದು ಕೈಲಿ ವೈನು, ಇನ್ನೊಂದರಲ್ಲಿ ಚೀಸ್ ರೊಟ್ಟಿ,
ಕ್ಯಾಮೆರಾ ಬಾಗಿಲ ಬಳಿ ಕೋಟುಗಳ ಜೊತೆ.
ಎರಡನ್ನೂ ಎಲ್ಲಿಡಲಿ ಎಂದು ಮೇಜು ಹುಡುಕುವಷ್ಟರಲ್ಲಿ
ಮೆಟ್ಟಿಲಿಳಿದಿದ್ದಳು.
ಗಾಜಿನ ಮೇಲೆ ಉಸಿರಿನ ಮಂಜು, ಅಂಗೈಯಗಲ,
ಅದೂ ಅಂಚಿನಿಂದ ಕರಗುತ್ತ.
ಹೊಲಿದವಳು ಅವಳೇನೋ.
ಹೊಲಿಗೆ ಬಲ್ಲ ಬೇರೊಬ್ಬಳೇನೋ.

ರಾತ್ರಿ ಜೇಬಿನಲ್ಲಿ ನಾಣ್ಯವಿರಲಿಲ್ಲ, ಹತ್ತಿದೆ.
ಆರನೇ ಮಹಡಿಯ ದೀಪ ಕೆಟ್ಟಿತ್ತು.
ಕತ್ತಲಲ್ಲಿ ಗೋಡೆ ತಡವುತ್ತ ನಿಂತಾಗ
ಯಾವುದೋ ಬಾಗಿಲ ಹಿಂದೆ
ಹೊಲಿಗೆ ಯಂತ್ರ ಓಡುವ ಸದ್ದು.
ಉಸಿರು ಬಿಗಿಹಿಡಿದು ಕೇಳಿದೆ.
ಬಟ್ಟೆ ಒಗೆಯುವ ಯಂತ್ರವೂ ಇರಬಹುದು.
ಏಳನೆಯದಕ್ಕೆ ಹತ್ತಿದೆ.